ಹಿಂದಿ ಮೇಷ್ಟ್ರಿಗೆ ನೀರು ಕೊಟ್ಟವರು

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬಾರದೆಂದೇನೂ ಇಲ್ಲ. ಆದರೆ ಅವರನ್ನು ಜಗಲಿಯ ಮೇಲೆ ಕೂರಿಸಿ ಊಟಕ್ಕಿಟ್ಟವರಿಗೆ, ಮಳೆ ಬಂದಾಗ ಒಳಗೆ ಕರೆದವರಿಗೆ, ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಹೆಂಗಸಿಗೂ ಗೊತ್ತಿರಲಿಲ್ಲ. ಹಾಗಿರುವಾಗ ಹೆಸರಿಲ್ಲದೆಯೇ ಅವರ ವಿಷಯ ಹೇಳುವುದು ಸರಿ ಅನ್ನಿಸುತ್ತದೆ. ನಮಗೆ ಅವರು ಹಿಂದಿ ಮೇಷ್ಟ್ರು. ದಾರಿಯವರಿಗೆ ಸೈಕಲ್ಲಿನವರು. ಅಷ್ಟು ಸಾಕು.

ಬಡವನಹಳ್ಳಿ ಕಡೆಯ ಒಂದು ಹೈಸ್ಕೂಲಿಗೆ ನಾನು ಗಣಿತದ ಮೇಷ್ಟ್ರಾಗಿ ಬಂದಾಗ ಅವರ ನಿವೃತ್ತಿಗೆ ಇನ್ನು ಕೆಲವೇ ವರ್ಷಗಳಿದ್ದವು. ಎತ್ತರದ ಆಳು. ಸ್ವಲ್ಪ ಮುಂದಕ್ಕೆ ಬಾಗಿ ನಡೆಯುತ್ತಿದ್ದರು, ಎದುರಿನಿಂದ ಗಾಳಿ ಬೀಸುತ್ತಿದೆಯೇನೋ ಎನ್ನುವ ಹಾಗೆ. ಮಧುಗಿರಿಯ ಮನೆಯಿಂದ ಶಾಲೆಗೆ ಸೈಕಲ್ಲಿನಲ್ಲೇ ಬರುತ್ತಿದ್ದರು. ಬಂದವರು ನೇರ ಸ್ಟಾಫ್ ರೂಮಿಗೆ ಬರದೆ, ನಲ್ಲಿಯ ಹತ್ತಿರ ನಿಂತು ಮುಖ ತೊಳೆದು, ಕರ್ಚೀಫಿನಿಂದ ಒರೆಸಿಕೊಂಡು, ಆಮೇಲೆ ಒಬ್ಬೊಬ್ಬರನ್ನೂ "ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದರು. ಕೇಳುವುದಕ್ಕಾಗಿ ಕೇಳುವವರಲ್ಲ. ಇಲ್ಲ ಎಂದರೆ ಚೀಲದಿಂದ ಏನಾದರೂ ತೆಗೆದು ಕೊಡುತ್ತಿದ್ದರು: ಕಡಲೆಕಾಯಿ, ಸೀಬೆಹಣ್ಣು, ಹಿಂದಿನ ದಿನ ಯಾರೋ ಕೊಟ್ಟ ಚಕ್ಕುಲಿ.

ಅವರ ಕ್ಲಾಸು ನನ್ನ ಕ್ಲಾಸಿನ ಪಕ್ಕದ್ದೇ. ಗೋಡೆಯಾಚೆಯಿಂದ ಎಲ್ಲ ಕೇಳಿಸುತ್ತಿತ್ತು. ಒಮ್ಮೆ ಒಬ್ಬ ಹುಡುಗಿ, "ಸಾರ್, ರೋಟಿ ಹೆಣ್ಣಂತೆ, ಚಾವಲ್ ಗಂಡಂತೆ. ಯಾಕ್ ಸಾರ್ ಹಂಗೆ?" ಎಂದು ಕೇಳಿದಳು.

"ನಂಗೂ ಗೊತ್ತಿಲ್ಲ ಕಣಮ್ಮ. ಅವರ ಮನೇಲಿ ಹಂಗೆ ಕರೀತಾರೆ. ಬ್ಯಾರೇರ ಮನೆಗೆ ಹೋದಾಗ ಯಾಕೆ ಅಂತ ಕೇಳ್ಕಂಡು ನಿಂತ್ರೆ ಊಟ ಆರೋಗ್ತದೆ, ಬರ್ಕೋ," ಎಂದರು ಮೇಷ್ಟ್ರು.

ಇಡೀ ಕ್ಲಾಸು ನಕ್ಕಿತು. ನನ್ನ ಕ್ಲಾಸಿನ ಮಕ್ಕಳೂ ನಕ್ಕರು.

ಭಾನುವಾರ ಬಂತೆಂದರೆ ಮೇಷ್ಟ್ರು ಮನೆಯಲ್ಲಿ ಇರುತ್ತಿರಲಿಲ್ಲ. ಸೈಕಲ್ ಹತ್ತಿ ಹೊರಟರೆ ಕೊರಟಗೆರೆ, ಇಲ್ಲವೇ ಸಿರಾ ದಾಟಿ ಹುಲಿಕುಂಟೆ, ರಜೆ ಜಾಸ್ತಿ ಸಿಕ್ಕರೆ ಪಾವಗಡದಾಚೆ ಆಂಧ್ರದೊಳಗೆ. ಬೇಸಿಗೆ ರಜೆಯಲ್ಲಿ ಒಮ್ಮೆ ಮಂತ್ರಾಲಯದವರೆಗೂ ಹೋಗಿ ಬಂದರು. ಗುಡಿಯ ಒಳಗೆ ಹೋಗಲಿಲ್ಲವಂತೆ. "ಹೊಳೆ ನೋಡ್ಕಂಡ್ ಬಂದೆ," ಎಂದರು. ಅವರು ಬೌದ್ಧರು. ಅವರ ತಂದೆಯ ಕಾಲದಲ್ಲೇ ಆ ಮನೆಯವರು ಬುದ್ಧನನ್ನು ಒಪ್ಪಿಕೊಂಡಿದ್ದರು. ಮನೆಯ ಪಡಸಾಲೆಯಲ್ಲಿ ಬುದ್ಧನ ಸಣ್ಣದೊಂದು ಮೂರ್ತಿ, ಅದರ ಮುಂದೆ ದಿನವೂ ಒಂದು ಹೂವು. ಆದರೆ ಊರಿನಲ್ಲಿ ಯಾರೂ ಅವರನ್ನು ಬೌದ್ಧರೆಂದು ಕರೆಯುತ್ತಿರಲಿಲ್ಲ. ಊರು ಕರೆಯುತ್ತಿದ್ದುದು ಹಳೆಯ ಜಾತಿಯ ಹೆಸರಿನಿಂದಲೇ.

ಅವರು ಹೀಗೆ ಸೈಕಲ್ ಹತ್ತಿ ಹೋಗುವುದಕ್ಕೆ ಕಾರಣವಿದೆಯೆಂದು ನನಗೆ ಮೊದಲು ಹೇಳಿದವರು ಅವರ ಹೆಂಡತಿ. ಅಂಗನವಾಡಿಯಲ್ಲಿ ಟೀಚರಾಗಿದ್ದವರು, ಗಟ್ಟಿ ದನಿಯ ಹೆಂಗಸು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. "ಊರೋರ ಮನೇಲೆಲ್ಲಾ ಹುಳಿ ಮಜ್ಜಿಗೇನೂ ಕುಡ್ಕಂಡ್ ಬಂದು ಭಾರಿ ರುಚಿ ಅಂತಾರೆ. ನಮ್ಮನೇಲಿ ಮಾತ್ರ ಸಾರಿಗೆ ಉಪ್ಪು ಕಮ್ಮಿ," ಎಂದು ಗಂಡನನ್ನು ಆಡಿಕೊಳ್ಳುತ್ತಿದ್ದರು. ಒಂದು ದಿನ ಹಾಗೆ ಆಡಿಕೊಂಡು ನಕ್ಕವರು, ಮೇಷ್ಟ್ರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ದನಿ ಇಳಿಸಿದರು. "ಹೋಗ್ಲಿ ಬುಡಪ್ಪ. ಮಗಳು ಹೋದ್ಮೇಲೆ ಹಿಡ್ದಿರೋ ಚಾಳಿ ಅದು. ನಾನೂ ಬ್ಯಾಡ ಅನ್ನಲ್ಲ."

ಅವರಿಗೆ ಒಬ್ಬಳೇ ಮಗಳು. ಬಿ.ಇಡಿ. ಓದುತ್ತಿದ್ದಳು. ಜ್ವರ ಬಂತು, ಇಳಿಯಿತು ಎಂದುಕೊಂಡರು, ಮತ್ತೆ ಏರಿತು. ತುಮಕೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕೈಮೀರಿತ್ತು. ಇದೆಲ್ಲ ನಾನು ಆ ಶಾಲೆಗೆ ಬರುವ ಮೊದಲಿನ ಮಾತು.

ಮೇಷ್ಟ್ರು ತಾವಾಗಿ ಅದನ್ನು ನನಗೆ ಹೇಳಿದ್ದು ಒಂದೇ ಸಲ, ಕೊರಟಗೆರೆ ರಸ್ತೆಯಲ್ಲಿ. ನಾನೂ ಅಷ್ಟು ಹೊತ್ತಿಗೆ ಒಂದು ಸೈಕಲ್ ಕೊಂಡು ಆಗಾಗ ಅವರ ಜೊತೆ ಹೋಗುತ್ತಿದ್ದೆ. ಹುಣಸೆಮರಗಳ ಸಾಲಿನಲ್ಲಿ ಒಂದು ಕಡೆ ನಿಲ್ಲಿಸಿ, "ಇಲ್ಲೇ ನೋಡಪ್ಪ ಶುರುವಾಗಿದ್ದು," ಎಂದರು.

ಮಗಳು ತೀರಿಕೊಂಡು ತಿಂಗಳಾಗಿತ್ತಂತೆ. ಮನೆಗೆ ಜನ ಬರುತ್ತಲೇ ಇದ್ದರು. ಬಂದವರೆಲ್ಲ ಒಳ್ಳೆಯವರೇ. ಆದರೆ ಬಾಗಿಲಲ್ಲಿ ಇವರ ಮುಖ ಕಂಡ ಕೂಡಲೇ ಅಳುತ್ತಿದ್ದರು. ಅವರನ್ನು ಇವರು ಸಮಾಧಾನ ಮಾಡಬೇಕು. ಒಂದು ಬೆಳಿಗ್ಗೆ ತರಕಾರಿ ತರುತ್ತೇನೆಂದು ಸೈಕಲ್ ಹತ್ತಿದವರು ಮಾರ್ಕೆಟ್ ದಾಟಿದರು, ಊರು ದಾಟಿದರು, ತುಳಿಯುತ್ತಲೇ ಹೋದರು. ಇಲ್ಲಿ ಮರದ ಕೆಳಗೆ ಒಬ್ಬಳು ಮುದುಕಿ ಸೀತಾಫಲ ಮಾರುತ್ತಿದ್ದಳು. ಕಾಲು ಸೋತು ಇವರು ನಿಂತರು.

"ಎಲ್ಲಿಗೋಯ್ತಿದ್ದೀಯಪ್ಪ?" ಎಂದು ಕೇಳಿದಳಂತೆ.

"ಗೊತ್ತಿಲ್ಲ ಕಣಮ್ಮ."

ಮುದುಕಿ ಅವರನ್ನು ಒಮ್ಮೆ ನೋಡಿ, ಒಂದು ಹಣ್ಣನ್ನು ಎರಡು ಹೋಳು ಮಾಡಿ, ದೊಡ್ಡ ಹೋಳನ್ನು ಅವರ ಕೈಗಿಟ್ಟಳು. "ಬೀಜ ಆಚೆ ಕಡೀಕೆ ಉಗಿ, ಇರುವೆ ಬತ್ತವೆ," ಎಂದಳು. ಅಷ್ಟೇ ಮಾತು. ಮೇಷ್ಟ್ರು ಅಲ್ಲೇ ಕೂತು ಹಣ್ಣು ತಿಂದರು. ತಿಂಗಳ ಮೇಲೆ ಮೊದಲ ಸಲ ಬಾಯಿಗೆ ರುಚಿ ಹತ್ತಿತಂತೆ.

"ಗುರುತಿನೋರು ನನ್ನ ಮುಖ ನೋಡಿ ಅಳ್ತಾರೆ. ಗುರುತಿಲ್ದೋರು ಬೀಜ ಆಚೆ ಉಗಿ ಅಂತಾರೆ. ನಂಗೆ ಅವತ್ತು ಅದು ಬೇಕಾಗಿತ್ತು ಕಣಪ್ಪ," ಎಂದರು. ಆಮೇಲೆ ಪೆಡಲ್ ಮೇಲೆ ಕಾಲಿಟ್ಟರು.

ಅವರ ಸೈಕಲ್ಲಿನಲ್ಲಿ ಯಾವಾಗಲೂ ನೀರಿನ ಬಾಟಲಿ ಇರುತ್ತಿತ್ತು. ಆದರೂ ಯಾವುದಾದರೂ ಮನೆಯ ಮುಂದೆ ಇಳಿದು ನೀರು ಕೇಳುತ್ತಿದ್ದರು. ಮೊದಮೊದಲು ನನಗೆ ಇದು ಅರ್ಥವಾಗಲಿಲ್ಲ. "ಸಾರ್, ಬಾಟ್ಲಿ ತುಂಬಾ ಇದೆಯಲ್ಲ?" ಎಂದೆ.

"ಬಾಟ್ಲಿ ಮಾತಾಡಲ್ವಲ್ಲಪ್ಪ," ಎಂದರು.

ನೀರು ಕೊಟ್ಟವರು ಸುಮ್ಮನೆ ಕಳಿಸುತ್ತಿರಲಿಲ್ಲ. ಎಲ್ಲಿಂದ ಬಂದಿರಿ, ಈ ವಯಸ್ಸಲ್ಲಿ ಯಾಕೆ ಈ ಕಷ್ಟ, ಬಸ್ಸಿಲ್ಲವೇ ಎನ್ನುತ್ತಿದ್ದರು. ಆಮೇಲೆ ಮಜ್ಜಿಗೆ ಬರುತ್ತಿತ್ತು, ಮುದ್ದೆ ಬರುತ್ತಿತ್ತು, ಮನೆಯ ಕಷ್ಟಸುಖ ಬರುತ್ತಿತ್ತು. ಮೇಷ್ಟ್ರು ಯಾವುದನ್ನೂ ಬೇಡ ಎನ್ನುತ್ತಿರಲಿಲ್ಲ. ಕೊಡುವ ಕೈಯನ್ನು ವಾಪಸ್ಸು ಕಳಿಸಬಾರದು ಎನ್ನುವುದು ಅವರ ಒಂದೇ ಕಟ್ಟಳೆ. ಹೊಟ್ಟೆ ತುಂಬಿದ್ದರೂ ಒಂದು ತುತ್ತು ಉಂಡು, ಎಲೆಯನ್ನೋ ತಟ್ಟೆಯನ್ನೋ ತಾವೇ ತೆಗೆದು ಏಳುತ್ತಿದ್ದರು.

ಆ ನೀರಿನ ಹಿಂದೆ ಇನ್ನೊಂದು ಮಾತೂ ಇತ್ತು. ಅವರ ತಂದೆ ಊರಿನಲ್ಲಿ ಬೊಗಸೆಯೊಡ್ಡಿ ನೀರು ಕುಡಿದವರು. ಮೇಲಿನಿಂದ ಯಾರೋ ಹುಯ್ಯಬೇಕು, ಇವರು ಬಗ್ಗಿ ಕುಡಿಯಬೇಕು. ಹುಡುಗನಾಗಿದ್ದಾಗ ಮೇಷ್ಟ್ರು ಪಕ್ಕದಲ್ಲಿ ನಿಂತು ಅದನ್ನು ನೋಡಿದ್ದರು. ಈಗ ಗುರುತಿಲ್ಲದ ಊರಿನಲ್ಲಿ ಯಾರೋ ಹೆಂಗಸು ತೊಳೆದ ಚೊಂಬನ್ನು ಎರಡೂ ಕೈಯಿಂದ ಹಿಡಿದು ತಂದುಕೊಡುವುದು ಅವರಿಗೆ ಬರಿಯ ನೀರಾಗಿರಲಿಲ್ಲ.

ಆದರೆ ದಾರಿಯಲ್ಲೂ ಕೆಲವರು ಕೇಳುತ್ತಿದ್ದರು. ಐ.ಡಿ.ಹಳ್ಳಿಯ ಹತ್ತಿರದ ಒಂದು ತೋಟದ ಮನೆಯಲ್ಲಿ ಹಾಗಾಯಿತು. ನಾವಿಬ್ಬರೂ ಇಳಿದೆವು. ಮನೆಯ ಯಜಮಾನ, ವಯಸ್ಸಾದ ಮನುಷ್ಯ, ಬಹಳ ಪ್ರೀತಿಯಿಂದ ಮಜ್ಜಿಗೆ ತರಿಸಿದ. ಕರಿಬೇವು, ಇಂಗು ಹಾಕಿದ ಮಜ್ಜಿಗೆ. ಮಾತಾಡುತ್ತಾ ಆಡುತ್ತಾ, "ಯಾವ ಜನ ಸ್ವಾಮಿ ತಾವು?" ಎಂದ.

ಮೇಷ್ಟ್ರು ಇದ್ದದ್ದನ್ನು ಹೇಳಿದರು. ದನಿ ಏರಲಿಲ್ಲ, ಇಳಿಯಲಿಲ್ಲ.

ಯಜಮಾನನ ಮುಖದಲ್ಲಿ ನಗು ಹಾಗೇ ನಿಂತುಬಿಟ್ಟಿತು. ಆಮೇಲೆ ಆತ ನನ್ನ ಲೋಟವನ್ನು ಕೈಯಿಂದ ಇಸಿದುಕೊಂಡ. ಮೇಷ್ಟ್ರ ಲೋಟದ ಕಡೆ ನೋಡದೆ, "ಅದನ್ನ ಅಲ್ಲೇ ನಲ್ಲಿ ತಾವ ಮಡಗ್ಬುಟ್ಟು ಹೋಗ್ರಪ್ಪ," ಎಂದ.

ಮೇಷ್ಟ್ರು ಲೋಟ ತೊಳೆದು ನಲ್ಲಿಯ ಕಟ್ಟೆಯ ಮೇಲೆ ಬೋರಲು ಹಾಕಿ, "ಮಜ್ಜಿಗೆ ಚೆನ್ನಾಗಿತ್ತು ಯಜಮಾನ್ರೇ," ಎಂದು ಹೇಳಿ ಬಂದರು. ನನಗೆ ಮೈ ಉರಿಯುತ್ತಿತ್ತು. ರಸ್ತೆಗೆ ಬಂದ ಮೇಲೆ, "ನೀವು ಬೇರೆ ಏನಾದ್ರೂ ಹೇಳಬಹುದಿತ್ತು ಸಾರ್," ಎಂದೆ.

"ಸುಳ್ಳು ಹೇಳಿ ಕುಡಿದದ್ದು ಹೊಟ್ಟೇಲಿ ನಿಲ್ಲಲ್ಲಪ್ಪ."

"ಅಂಥವನಿಗೆ ಚೆನ್ನಾಗಿತ್ತು ಅಂತ ಬೇರೆ ಹೇಳಿ ಬಂದ್ರಲ್ಲ?"

ಅವರು ಪೆಡಲ್ ತುಳಿಯುತ್ತಲೇ ಹೇಳಿದರು. "ಬಿಸಿಲಲ್ಲಿ ಬಂದವ್ರೆ ಅಂತ ಮಜ್ಜಿಗೆ ಕೊಟ್ಟಿದ್ದು ಸುಳ್ಳಾ? ಅಲ್ಲ. ಆಮ್ಯಾಲೆ ಹೆದರ್ಕಂಡಿದ್ದು ಸುಳ್ಳಾ? ಅದೂ ಅಲ್ಲ. ಎರಡೂ ಅವನೇ. ನಾನು ಒಂದನ್ನ ಮಾತ್ರ ಹಿಡ್ಕಂಡು ಹೋದ್ರೆ ನಂಗೇ ಲುಕ್ಸಾನು."

ಇನ್ನೊಂದು ಸಲ ಅದೇ ದಾರಿಯಲ್ಲಿ ಹೋಗುವಾಗ ಅದೇ ಮನೆಯ ಮುಂದೆ ಮೇಷ್ಟ್ರು ಇಳಿದೇಬಿಟ್ಟರು. ನಾನು ರಸ್ತೆಯಲ್ಲೇ ನಿಂತೆ. ಯಜಮಾನ ಹೊರಗೆ ಬಂದ, ಗುರುತು ಹಿಡಿದ, "ಮಜ್ಜಿಗೆ ಇಲ್ಲ ಇವತ್ತು," ಎಂದ. "ಇರ್ಲಿ ಬುಡಿ, ಇನ್ನೊಂದ್ಸಲ ಬತ್ತೀನಿ," ಎಂದು ಮೇಷ್ಟ್ರು ಬಂದುಬಿಟ್ಟರು. ಆ ಮೇಲೆ ಒಬ್ಬರೇ ಹೋಗಿದ್ದಾಗ ಮತ್ತೆ ಇಳಿದಿದ್ದರಂತೆ. ಏನಾಯಿತು ಎಂದು ಕೇಳಿದೆ. ನಕ್ಕರೇ ಹೊರತು ಹೇಳಲಿಲ್ಲ.

ಸಿರಾದ ಕಥೆಯನ್ನು ಮಾತ್ರ ಅವರು ಬಾಯಿತುಂಬಾ ಹೇಳುತ್ತಿದ್ದರು. ಕೋಟೆಯ ಹತ್ತಿರ ಒಂದು ಸಂಜೆ ಜೋರು ಮಳೆಗೆ ಸಿಕ್ಕಿಕೊಂಡು ಒಂದು ಮನೆಯ ಸೂರಿನ ಕೆಳಗೆ ನಿಂತಿದ್ದರು. ಬಾಗಿಲು ತೆಗೆದ ಸಾಬರ ಮುದುಕಿ ಅವರು ನಡುಗುವುದನ್ನು ಕಂಡು ಒಳಗೆ ಕರೆದಳು. ಮೇಷ್ಟ್ರು ತಮ್ಮ ಪಾಠದ ಪುಸ್ತಕದ ಹಿಂದಿಯಲ್ಲಿ ಬಹಳ ಗೌರವದಿಂದ ಧನ್ಯವಾದ ಹೇಳಿದರು. ಆ ಹಿಂದಿ ಕೇಳಿ ಮುದುಕಿಗೆ ಗಾಬರಿಯಾಯಿತು. "ನೀವು ಕನ್ನಡದಲ್ಲೇ ಹೇಳಿ ಬೇಟಾ, ಅದು ನಮಗೆ ಬರಕ್ಕಿಲ್ಲ," ಎಂದಳಂತೆ. ಆಮೇಲೆ ತೀರಿಕೊಂಡ ತನ್ನ ಗಂಡನ ಲುಂಗಿ, ಅಂಗಿ ಕೊಟ್ಟು ಒದ್ದೆ ಬಟ್ಟೆ ಬದಲಿಸಲು ಹೇಳಿದಳು. ಮುಂದಿನ ವಾರ ಮೇಷ್ಟ್ರು ಅದನ್ನು ಒಗೆದು ಇಸ್ತ್ರಿ ಮಾಡಿಸಿ ವಾಪಸ್ಸು ಕೊಡಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ. "ಪೆಟ್ಟಿಗೇಲಿ ಮಡಗಿದ್ರೆ ಹುಳ ತಿಂತದೆ. ನೀವು ಹಾಕ್ಕಂಡ್ರೆ ಆ ಅಂಗಿ ನಾಕೂರು ನೋಡ್ತದೆ," ಎಂದಳು. ಹಾಗೆ ಬಂದ ಬಿಳಿ ಅಂಗಿಯನ್ನು ಅವರು ಶಾಲೆಗೇ ಹಾಕಿಕೊಂಡು ಬರುತ್ತಿದ್ದರು. ಭುಜದಲ್ಲಿ ಜೋಲು, ತೋಳು ಉದ್ದ. ಹೆಡ್‌ಮಾಸ್ಟರು ಸಹ ಒಮ್ಮೆ, "ಏನ್ರೀ ಇದು, ಯಾರದ್ರೀ?" ಎಂದರು. ಮೇಷ್ಟ್ರು ತೋಳು ಮಡಿಸುತ್ತಾ, "ಸಿರಾದಲ್ಲಿ ನಮ್ಮೋರೊಬ್ಬರದು ಸಾರ್," ಎಂದರು.

ನಾಗಪುರಕ್ಕೆ ಹೋಗಬೇಕೆಂಬುದು ಮಗಳ ಆಸೆಯಾಗಿತ್ತು. ಹಿರಿಯರು ಬೌದ್ಧ ದೀಕ್ಷೆ ತೆಗೆದುಕೊಂಡ ಆ ನೆಲವನ್ನು ಒಮ್ಮೆ ನೋಡಬೇಕೆಂದು ಅವಳು ಕಾಲೇಜಿಗೆ ಸೇರಿದಾಗಿನಿಂದ ಹೇಳುತ್ತಿದ್ದಳಂತೆ. ಈ ವರ್ಷ ಬೇಡ, ಮುಂದಿನ ವರ್ಷ ಎನ್ನುತ್ತಾ ಹೋಯಿತು. ನಿವೃತ್ತಿಯಾದ ಮೇಲೆ ಮೇಷ್ಟ್ರು, ಸೈಕಲ್ಲಿನಲ್ಲೇ ಹೋಗಿ ಬರುತ್ತೇನೆ ಎಂದರು. ಅಕ್ಕ ಜಗಳವಾಡಿದರು. "ರೈಲಿಲ್ವಾ? ಇಬ್ರೂ ಹೋಗಾನ," ಎಂದರು. ಮೇಷ್ಟ್ರು, "ಅದೂ ಹೋಗಾನ. ಇದೊಂದ್ಸಲ ಹಿಂಗೆ ಹೋಗಿ ಬತ್ತೀನಿ," ಎಂದು ಒಪ್ಪಿಸಿದರು. ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಎಂದರು ಅಕ್ಕ. ತೋರಿಸಿದರು. ಏನೂ ತೊಂದರೆಯಿಲ್ಲ, ಸುಸ್ತಾದರೆ ನಿಲ್ಲಿ ಎಂದು ಡಾಕ್ಟರು ಹೇಳಿದರು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಹೊರಟರು. ಬೆಟ್ಟದ ಮೇಲಿನ ಮಂಜು ಇನ್ನೂ ಇಳಿದಿರಲಿಲ್ಲ. ನಾವು ನಾಲ್ಕಾರು ಜನ ಮೇಷ್ಟ್ರುಗಳು ಪಾವಗಡದ ರಸ್ತೆಯವರೆಗೆ ಹೋಗಿ ಕಳಿಸಿಕೊಟ್ಟೆವು. ಅಕ್ಕ ಅಷ್ಟು ದೂರವೂ ಬರಲಿಲ್ಲ. ಮನೆಯ ಬಾಗಿಲಲ್ಲೇ ನಿಂತು, "ಮಫ್ಲರ್ ಸುತ್ಕಳಿ," ಎಂದು ಕೂಗಿದರು.

ದಿನವೂ ಸಂಜೆ ಫೋನು ಬರುತ್ತಿತ್ತು. ಮೊದಲು ಅಕ್ಕನಿಗೆ, ಆಮೇಲೆ ನನಗೆ. ಕರ್ನೂಲಿನಾಚೆ ಮೆಣಸಿನಕಾಯಿ ಒಣಗಿಸುವವರ ಕಣದಲ್ಲಿ ಮಲಗಿದ್ದರಂತೆ, ಬೆಳಗಾಗುವವರೆಗೆ ಸೀನಿದರಂತೆ. ಆ ಮನೆಯವರು ಇವರ ಸೀನು ಕೇಳಿ ಕೇಳಿ ನಕ್ಕು, ಕೊನೆಗೆ ಕಂಬಳಿ ಸಮೇತ ಎಬ್ಬಿಸಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಮಲಗಿಸಿದರಂತೆ. ಆದಿಲಾಬಾದಿನ ಕಾಡಿನ ದಾರಿಯಲ್ಲಿ ಒಬ್ಬ ಲಾರಿ ಡ್ರೈವರು ಘಾಟಿ ಹತ್ತಲಾರದೆ ನಿಂತ ಇವರನ್ನೂ ಸೈಕಲ್ಲನ್ನೂ ಮೇಲಕ್ಕೇರಿಸಿಕೊಂಡು, ಆಚೆ ಕಡೆ ಇಳಿಸಿ, "ಇದು ಯಾರಿಗೂ ಹೇಳಬೇಡಿ, ಪೂರ್ತಿ ತುಳಿದೆ ಅಂತಲೇ ಹೇಳಿ," ಎಂದನಂತೆ. ಇವರು ಅದೇ ಸಂಜೆ ನನಗೆ ಹೇಳಿದರು. "ನಾನು ಜೀವಮಾನ ಪೂರ್ತಿ ಕಲಿಸಿದ ಹಿಂದೀನ ಇಲ್ಲಿ ಆಡಿದ್ರೆ ಮರಾಠೀಲಿ ಉತ್ತರ ಬತ್ತದಪ್ಪ. ಆದ್ರೂ ಊಟ ಮಾತ್ರ ಸರಿಯಾಗಿ ಬತ್ತದೆ," ಎಂದು ನಕ್ಕರು.

ನಾಗಪುರ ಮುಟ್ಟಿದ ದಿನ ನನಗೆ ಫೋನು ಬರಲಿಲ್ಲ. ಅಕ್ಕನಿಗೆ ಮಾತ್ರ ಮಾಡಿದ್ದರು. "ಬಂದೆ ಕಣೇ. ಅವಳಿಗೂ ಹೇಳ್ದೆ," ಎಂದಷ್ಟೇ ಹೇಳಿದರಂತೆ.

ವಾಪಸ್ಸು ಬರುವಾಗ ದನಿಯಲ್ಲಿ ಆಯಾಸವಿತ್ತು. ಸೈಕಲ್ಲನ್ನು ಬಸ್ಸಿಗೆ ಹಾಕಿಕೊಂಡು ಬನ್ನಿ ಎಂದೆವು. ಸ್ವಲ್ಪ ದೂರ ಹಾಗೂ ಬಂದರು. ಕಲ್ಯಾಣದುರ್ಗದ ಹತ್ತಿರ ಇಳಿದು ಮತ್ತೆ ಸೈಕಲ್ ಹತ್ತಿದರು. "ಇನ್ನೇನ್ ನಮ್ಮೂರೇ ಬಂತಲ್ಲ," ಎಂದರು. ಪಾವಗಡದಲ್ಲಿ ಒಂದು ರಾತ್ರಿ ಪರಿಚಯದವರೊಬ್ಬರ ಮನೆಯಲ್ಲಿ ಉಳಿದರು. ಮಾರನೆಯ ದಿನ ಸಂಜೆಯೊಳಗೆ ಮಧುಗಿರಿ. ಅಕ್ಕ ಅವರೆಕಾಯಿ ತಂದು ಹಿಚುಕಿ ಇಟ್ಟಿದ್ದರು.

ಮಧ್ಯಾಹ್ನ ನಾನು ಕ್ಲಾಸಿನಲ್ಲಿದ್ದೆ. ಅಕ್ಕನ ಫೋನು ಬಂತು. ಯಾವ ಸಂದರ್ಭದಲ್ಲೂ ಅಳುಕದ ಆ ದನಿ, "ಯಾರೋ ತೆಲುಗಲ್ಲಿ ಏನೇನೋ ಹೇಳ್ತಾವ್ರೆ, ನಂಗೆ ತಿಳೀತಿಲ್ಲ, ನೀನು ಮಾತಾಡು ಬಾಪ್ಪ," ಎಂದಿತು. ಅವರಿಗೆ ತಿಳಿದಿತ್ತು. ಬೇರೆ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದರು.

ನಾವು ಕಾರಿನಲ್ಲಿ ಪಾವಗಡದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯಾಘಾತ ಎಂದರು. ಅವರ ಮುಖ ಶಾಂತವಾಗಿತ್ತು. ಮೈಮೇಲೆ ಯಾರದೋ ಹಳೆಯ ಹತ್ತಿ ಸೀರೆ ಹೊದಿಸಿತ್ತು. ಹಸಿರು ಬಣ್ಣದ್ದು, ಅಂಚಿನಲ್ಲಿ ಮಣ್ಣು. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ಆಂಬುಲೆನ್ಸ್ ಬರುವವರೆಗೂ ಜೊತೆಗಿದ್ದಳು ಎಂದು ಆಸ್ಪತ್ರೆಯವರು ಹೇಳಿದರು. ಯಾವ ಊರೆಂದು ಕೇಳಿಕೊಂಡೆವು. ಅಂದು ಹೋಗಲು ಆಗಲಿಲ್ಲ. ಮೇಷ್ಟ್ರನ್ನು ಮನೆಗೆ ಕರೆತಂದು, ಮರುದಿನ ಅವರ ರೀತಿಯಲ್ಲಿ ಬುದ್ಧವಂದನೆ ಮಾಡಿ ಮಣ್ಣು ಮಾಡಿದೆವು. ಜನ ಬಹಳ ಸೇರಿದ್ದರು. ಬಂದವರಲ್ಲಿ ಹಲವರು, "ಅಯ್ಯೋ ಪಾಪ, ಕೊನೇಗಾಲದಲ್ಲಿ ಪಕ್ಕದಲ್ಲಿ ಯಾರೂ ನಮ್ಮೋರಿಲ್ದಂಗೆ ಆಗೋಯ್ತಲ್ಲ," ಎಂದರು. ಅಕ್ಕ ಅದನ್ನು ಕೇಳಿಸಿಕೊಂಡರು. ಅಳಲಿಲ್ಲ. ಆ ಹಸಿರು ಸೀರೆಯನ್ನು ಒಗೆದು ಒಣಹಾಕಿದ್ದರು.

ಕೆಲವು ದಿನ ಕಳೆದ ಮೇಲೆ, "ನನ್ನನ್ನ ಅಲ್ಲಿಗೆ ಕರ್ಕಂಡ್ ಹೋಗಪ್ಪ," ಎಂದರು.

ಪಾವಗಡದ ದಾರಿಯಲ್ಲಿ ಮಧ್ಯೆ ಆಂಧ್ರ ಬಂದು ಹೋಗುತ್ತದೆ. ಬೋರ್ಡುಗಳು ತೆಲುಗಿಗೆ ತಿರುಗಿ ಮತ್ತೆ ಕನ್ನಡಕ್ಕೆ ಬರುತ್ತವೆ. ಅಕ್ಕ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಿದ್ದರು. ಅವರು ಆ ರಸ್ತೆಯಲ್ಲಿ ಹಿಂದೆ ಹೋದದ್ದು ಆಸ್ಪತ್ರೆಗೆ ಹೋದ ದಿನ ಮಾತ್ರ. ಆ ದಿನ ಅವರು ಏನನ್ನೂ ನೋಡಿರಲಿಲ್ಲ. ಬಂಡೆಗಳು, ಕಟಾವಾದ ಕಡಲೆಕಾಯಿ ಹೊಲಗಳು, ಅಲ್ಲಲ್ಲಿ ಇನ್ನೂ ನಿಂತ ತೊಗರಿ. "ಇಷ್ಟೊಂದು ಏರೈತಾ ಈ ದಾರೀಲಿ," ಎಂದರು ಒಮ್ಮೆ.

ಊರು ಸಿಕ್ಕಿತು, ಕನ್ನಡ ತೆಲುಗು ಎರಡೂ ಆಡುವ ಗಡಿಯ ಊರು. ಸೈಕಲ್ಲಿನವರು ತೀರಿಕೊಂಡರಲ್ಲ ಎಂದು ಕೇಳಿದ ಕೂಡಲೇ ಮನೆ ತೋರಿಸಿದರು. ಹೊಸ್ತಿಲ ಹೊರಗೆ, ಜಗಲಿಯ ಒಂದು ಮೂಲೆಯಲ್ಲಿ ಚಾಪೆಯ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಎಣ್ಣೆ ಕಾಣದ ತಲೆ. ನಾವು ಯಾರೆಂದು ಹೇಳುವ ಮೊದಲೇ ಒಳಗಿನಿಂದ ಅವಳ ಸೊಸೆ ಬಂದಳು. ನಾವು ಯಾರೆಂದು ತಿಳಿದದ್ದೇ ಅವಳ ಬಾಯಿ ತೆರೆಯಿತು.

"ನೋಡಿ ಸಾರ್, ನೀವಾದ್ರೂ ಚೆಪ್ಪಿ, ಬುದ್ಧಿ ಹೇಳಿ ನಮ್ಮತ್ತೆಗೆ. ಅವತ್ತಿಂದ ಹಿಂಗೇ ಕೂತವ್ಳೆ. ಕೆರೇಲಿ ತಲೆ ಮ್ಯಾಲೆ ನೀರು ಹುಯ್ಕಂಡು ಬಂದು ನಂಗೆ ಸೂತಕ ಐತೆ ಅಂತ ಹೊರಗೆ ಕೂತವ್ಳು, ಒಳಗೆ ಬರಲ್ಲ. ಸ್ವಂತ ತಮ್ಮನ ಮನೆ ಗೃಹಪ್ರವೇಶಕ್ಕೂ ಹೋಗ್ಲಿಲ್ಲ. ಯಾರೋ ಏನೋ, ನಮ್ಗೇನಾಗ್ಬೇಕು ಅಂದ್ರೆ ನನ್ನ ಮ್ಯಾಲೇ ರೇಗ್ತಾಳೆ. ದೇವುಡಾ, ಊರೆಲ್ಲ ನಗ್ತೈತೆ."

"ನೀ ಒಳಗೋಗೇ," ಎಂದಳು ಅತ್ತೆ. ಅಕ್ಕನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು. "ನೀನೇನಮ್ಮ ಅವನ ಹೆಂಡ್ತಿ?"

ಅಕ್ಕ ತಲೆಯಾಡಿಸಿದರು.

"ಕೂತ್ಕಾ," ಎಂದು ಚಾಪೆಯಲ್ಲಿ ಸರಿದು ಜಾಗ ಕೊಟ್ಟಳು. ಅಕ್ಕ ಕೂತರು. ನಾನು ಮೆಟ್ಟಿಲ ಮೇಲೆ ಕೂತೆ.

ಅವಳೇ ಹೇಳಿದಳು. "ತೊಗರಿ ಕುಯ್ತಿದ್ವಿ ನಾನೂ ಇವಳೂ. ರೋಡಲ್ಲಿ ಬಂದೋನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಿಲ್ಸಿ, ಬದದ ಮ್ಯಾಲೆ ಕೂತ. ಕೂತೋನು ವಾಲಿದ. ನಿಜ ಹೇಳ್ಬೇಕಂದ್ರೆ ಕುಡ್ದವ್ನೆ ಅಂದ್ಕಂಡೆ ಕಣಮ್ಮ. ಆಮ್ಯಾಲೆ ಎದೆ ಹಿಡ್ಕಂಡಿದ್ದು ಕಾಣ್ತು. ಕುಡ್ಲು ಬಿಸಾಕಿ ಓಡ್ದೆ. ತಲೆ ಎತ್ತಿ ತೊಡೆ ಮ್ಯಾಲೆ ಮಡಿಕ್ಕಂಡೆ. ಇವಳು ರೋಡಿಗೋಗಿ ಬೈಕ್‌ನೋರ್ನ ನಿಲ್ಸಿ ಫೋನ್ ಮಾಡಿಸಿದ್ಲು. ಸೆರಗಿಂದ ಗಾಳಿ ಹಾಕ್ದೆ. ಅಲ್ಲಿ ಒಂದು ಗಿಡ ಇಲ್ಲ, ನೆಳ್ಳಿಲ್ಲ. ತೊಗರಿ ಕಟ್ಟಾಕೆ ತಂದಿದ್ದ ಹಳೇ ಸೀರೇನೇ ಹೊದಿಸ್ದೆ."

"ಏನಾದ್ರೂ ಅಂದ್ರಾ?" ಅಕ್ಕ ಕೇಳಿದರು. ಅದನ್ನು ಕೇಳುವುದಕ್ಕೇ ಅವರು ಅಷ್ಟು ದೂರ ಬಂದಿದ್ದರು.

"ಕಣ್ ಬುಟ್ಟು ನನ್ನ ನೋಡ್ದ. ಬಿಸಿಲೈತೆ ತಾಯಿ, ನೀನು ನೆಳ್ಳಿಗೋಗು ಅಂದ. ಅಷ್ಟೇಯ. ಇನ್ನೇನೂ ಇಲ್ಲ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಅಷ್ಟು ದಿನ ಬಾರದಿದ್ದ ಅಳು ಆಗ ಬಂತು. ಆ ಹೆಂಗಸು ಅವರ ಬೆನ್ನ ಮೇಲೆ ಕೈಯಿಟ್ಟು, ಅಳು ನಿಲ್ಲುವವರೆಗೂ ಕಾದಳು. ಆಮೇಲೆ ಕೇಳಿದಳು.

"ಯಾವ ಜನ ಅಮ್ಮ ನೀವು?"

ಈ ಹೊತ್ತಿನಲ್ಲೂ ಇದೇ ಪ್ರಶ್ನೆಯೇ ಎಂದು ನನಗೆ ಅನ್ನಿಸಿತು. ಏನಾದರೂ ಹೇಳಿ ಮಾತು ತಿರುಗಿಸೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಕಣ್ಣೊರೆಸಿಕೊಂಡು ಇದ್ದದ್ದನ್ನು ಹೇಳಿಬಿಟ್ಟರು. ಊರು ಕರೆಯುವ ಹೆಸರನ್ನೂ ಹೇಳಿದರು, ತಮ್ಮದು ಬುದ್ಧನ ದಾರಿ ಎಂಬುದನ್ನೂ ಹೇಳಿದರು.

ಬಾಗಿಲಲ್ಲಿ ನಿಂತಿದ್ದ ಸೊಸೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಅತ್ತೆಯ ಮುಖವನ್ನು ನೋಡಿದಳು. ಅತ್ತೆ ಅವಳ ಕಡೆ ನೋಡಲಿಲ್ಲ.

"ಅದಕ್ಕಲ್ಲ ಕೇಳಿದ್ದು. ನಿಮ್ಮ ಜನದಲ್ಲಿ ಸೂತಕ ಎಷ್ಟು ದಿನ ಹಿಡೀತೀರಿ ಅಂತ. ನಂಗೆ ಗೊತ್ತಿರ್ಲಿಲ್ಲ. ನಮ್ಮ ಲೆಕ್ಕದಲ್ಲೇ ಕೂತೀನಿ. ಕಮ್ಮಿಯಾಗೋದ್ರೆ ಅವನಿಗೆ ಸೇರಲ್ವೇನೋ ಅಂತ," ಎಂದಳು.

ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡು, "ನಮ್ಮಲ್ಲಿ ಸೂತಕ ಅಂತ ಇಲ್ಲಮ್ಮ. ಎದ್ದೇಳಿ. ಒಳಗೆ ಹೋಗಿ. ನಿಮ್ಮಿಂದ ಅವರಿಗೆ ಎಲ್ಲಾ ಸೇರ್ತು," ಎಂದರು.

"ಇಲ್ದಿದ್ರೆ ಇಲ್ಲ. ನಾನು ಕೂತಿದ್ದು ಕೂತಾಯ್ತು. ಅರ್ಧಕ್ಕೇ ಏಳಾಕಾಗಲ್ಲ. ನನ್ನ ತೊಡೆ ಮ್ಯಾಲೆ ಜೀವ ಬುಟ್ಟೋನು. ಅವನಿಗೆ ನಾನು ಏನೂ ಆಗ್ಬೇಕಾಗಿಲ್ಲ ಅಂತ ಇವಳು ಅಂತಾಳೆ. ಏನೂ ಆಗ್ದಿದ್ರೆ ನಂಗ್ಯಾಕೆ ಅನ್ನ ಇಳೀತಿಲ್ಲ?"

ಸೊಸೆ ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮೂರು ಲೋಟ ಕಾಫಿ ತಂದಳು. ಮೂರೂ ಒಂದ್ಸಮ ಸ್ಟೀಲಿನ ಲೋಟಗಳು. ಅಕ್ಕನ ಮುಂದೆ ಇಡುವಾಗ ಅವಳ ಕೈ ಒಂದಿಷ್ಟು ತಡೆದದ್ದನ್ನು ನಾನು ನೋಡಿದೆ. ಆದರೂ ಇಟ್ಟಳು. ಅಲ್ಲೇ ಬಾಗಿಲಿಗೆ ಒರಗಿ ನಿಂತಳು, ಹೋಗಲಿಲ್ಲ.

ಅಕ್ಕ ಚೀಲದಿಂದ ಮಡಿಸಿದ ಹಸಿರು ಸೀರೆ ತೆಗೆದು ಆ ಹೆಂಗಸಿನ ಮಡಿಲಿಗೆ ಹಾಕಿದರು. ಅವಳು ಅದನ್ನು ಬಿಚ್ಚಿ ನೋಡಲಿಲ್ಲ. ಮೇಲೆ ಅಂಗೈಯಿಟ್ಟು ಒಂದು ಸಲ ಸವರಿದಳು.

ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಗಿತ್ತು. ಹೊರಡುವ ಹೊತ್ತಾಯಿತೆಂದು ನಾನು ಎದ್ದೆ. ಅಕ್ಕ ಏಳುವ ಹಾಗೆ ಕಾಣಲಿಲ್ಲ. ಆ ಹೆಂಗಸು ಅವರ ಕೈ ಬಿಟ್ಟಿರಲಿಲ್ಲ.

"ಹೆಂಗಿದ್ದ ಅಮ್ಮ ನಿನ್ನ ಗಂಡ?" ಎಂದು ಕೇಳಿದಳು. "ನಾನು ಸಾಯೋದಷ್ಟೇ ಕಂಡೆ. ಬದುಕಿದ್ದು ನೀನು ಹೇಳು."

ಅಕ್ಕ ಅಂಗಳದ ಕಡೆ ನೋಡಿದರು. ಎಲ್ಲಿಂದ ಶುರುಮಾಡಬೇಕೆಂದು ಹುಡುಕುತ್ತಿದ್ದರೇನೋ. ಆಮೇಲೆ ಮುಖದ ಮೇಲೆ ಒಂದು ಸಣ್ಣ ನಗು ಬಂತು.

"ಹೆಣ್ಣು ನೋಡಾಕೆ ಬಂದಿದ್ರಲ್ಲ, ಅವತ್ತು ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ ಕಣಮ್ಮ," ಎಂದರು. "ನಮ್ಮಜ್ಜಿಗೆ ಕಣ್ಣು ಕಾಣ್ತಿರ್ಲಿಲ್ಲ. ಅವಳ ಪಕ್ಕ ಕೂತ್ಕಂಡು, ಹೊರಗೆ ಮಾವಿನ ಮರ ಹೂ ಬಿಟ್ಟೈತೆ ಅಜ್ಜಿ, ಅಂತ ಹೇಳ್ತಾ ಕೂತ್ಬುಟ್ಟಿದ್ರು."

"ಆಮ್ಯಾಲೆ?" ಎಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ.

ನಾನು ಮತ್ತೆ ಮೆಟ್ಟಿಲ ಮೇಲೆ ಕೂತೆ.